ಮೈಕಣ್ಣ

ನನ್ನ ತಮ್ಮ ಬಸ್ ಕಂಡಕ್ಟರ್ ಆಗಿದ್ದವನು. ಹತ್ತಿದವರ ಮುಖ, ಕೈಯಲ್ಲಿನ ಚೀಲ ನೋಡಿಯೇ ಎಲ್ಲಿ ಇಳಿಯುವವರೆಂದು ಅಂದಾಜು ಮಾಡಿ, ಅವರು ಬಾಯಿ ತೆರೆಯುವ ಮೊದಲೇ ಟಿಕೆಟ್ ಹರಿದು ಕೈಗಿಡುತ್ತಿದ್ದ. ನಿವೃತ್ತಿಯಾಗಿ ಮನೆ ಸೇರಿದ ಮೇಲೂ ಆ ಚಾಳಿ ಹೋಗಲಿಲ್ಲ. ಯಾರು ಮಾತು ಶುರು ಮಾಡಿದರೂ ಮುಗಿಸುವವನು ಅವನೇ. ಇಂಥವನಿಗೆ ಹುಟ್ಟಿದ ಒಬ್ಬನೇ ಮಗನಿಗೆ ಮಾತು ತೊದಲುತ್ತಿತ್ತು.

ಹುಡುಗ "ಅ... ಅ..." ಅಂದರೆ ಅಪ್ಪ "ಅನ್ನವಾ?" ಎಂದು ತಟ್ಟೆ ಮುಂದಿಡುತ್ತಿದ್ದ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ತಾಯಿ ಇಲ್ಲದ ಮಗು, ಕಾಯಿಸಬಾರದು ಅನ್ನುವ ಪ್ರೀತಿಯೂ ಅದರಲ್ಲಿತ್ತು. ಮದುವೆಯಾಗಿ ಸೊಸೆ ಬಂದಳು. ಅವಳು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು. ಬೆಳಕು ಹರಿಯುತ್ತಲೇ ವ್ಯಾನು ಬಾಗಿಲಿಗೆ ಬರುತ್ತಿತ್ತು, ನಿಂತು ಕೇಳುವ ಪುರುಸೊತ್ತು ಅವಳಿಗೆಲ್ಲಿ? ಮಾವನನ್ನು ನೋಡಿ ಅವಳೂ ಕಲಿತಳು. ಅವಳನ್ನು ನೋಡಿ ಅವಳ ಮಗಳು ಕಲಿತಳು. ಹೀಗೆ ಅವನ ಬಾಯಿಂದ ಪೂರ್ತಿ ಬಂದ ಒಂದು ಮಾತನ್ನು ಆ ಮನೆಯಲ್ಲಿ ಕೇಳಿದವರು ಅಪರೂಪ. ನನ್ನ ಗಂಡ ತೀರಿಹೋದ ಮೇಲೆ ತಮ್ಮನ ಮನೆಯ ಒಲೆ ನನ್ನ ಪಾಲಿಗೆ ಬಂದಿತ್ತಾದ್ದರಿಂದ ನಾನು ಇದೆಲ್ಲ ನೋಡುತ್ತಲೇ ಇದ್ದೆ.

ತಮ್ಮನ ಮಗನ ಕೆಲಸ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ಸುಟ್ಟ ಮೋಟರಿನ ಹೊಟ್ಟೆಯಿಂದ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸುವುದು. ಆ ಕೆಲಸಕ್ಕೆ ಮಾತು ಬೇಡ. ಗಿರಾಕಿಗಳು ಮಾಲೀಕನ ಹತ್ತಿರ ಮಾತಾಡುತ್ತಿದ್ದರು. ಮಾಲೀಕ ಇವನನ್ನು "ಲೋ ಸ್ಟಾರ್ಟಿಂಗ್ ಟ್ರಬಲ್ಲು" ಎಂದು ಕರೆಯುತ್ತಿದ್ದ. ಮೋಟರಿನ ಅಂಗಡಿಯಲ್ಲಿ ಅದು ಒಳ್ಳೆಯ ಜೋಕು ಎಂದು ಎಲ್ಲರೂ ನಗುತ್ತಿದ್ದರು, ಇವನೂ ನಗುತ್ತಿದ್ದ.

ನಲವತ್ತು ದಾಟಿದ ಮೇಲೆ ಅವನು ಪಾರ್ಟಿಗೆ ಹೋಗತೊಡಗಿದ. ಮೊದಲು ಗೋಡೆಗೆ ಪೋಸ್ಟರ್ ಅಂಟಿಸಲು, ಆಮೇಲೆ ಬ್ಯಾನರ್ ಕಟ್ಟಲು. ಅಂಗಿಯ ತೋಳಿನ ತುಂಬ ಗೋಂದು ಮೆತ್ತಿಕೊಂಡು ಬರುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಅದೇ ಜಗಳವಾಗುತ್ತಿತ್ತು.

"ಇವತ್ತೂ ಅರ್ಧ ದಿನಾನೇ ಅಂತೆ ಅಂಗಡಿಗೆ," ಎಂದಳು ಸೊಸೆ. "ನಿಮ್ಮ ಮಾಲೀಕರು ನನ್ನನ್ನ ಬೀದೀಲಿ ನಿಲ್ಸಿ ಕೇಳಿದ್ರು. ನಾನೇನ್ ಹೇಳ್ಲಿ?"

"ಅ... ಅದು, ಬ್ಯಾ..."

"ಬ್ಯಾನರ್ ಕಟ್ಟೋಕೆ ಹೋಗಿದ್ದೆ. ಗೊತ್ತಾಯ್ತು ಬಿಡು," ಎಂದ ನನ್ನ ತಮ್ಮ. "ಕಟ್ಟಿದ್ರೆ ಏನ್ ಕೊಡ್ತಾರೆ ಅನ್ನೋದನ್ನ ಹೇಳು."

"ಊಟದ ಪೊಟ್ಟಣ ಕೊಡ್ತಾರೆ ತಾತ," ಎಂದಳು ಮೊಮ್ಮಗಳು. ಆಗಷ್ಟೇ ಕಾಲೇಜು ಸೇರಿದ್ದಳು, ನಾಲಿಗೆ ಹರಿತವಾಗಿತ್ತು.

"ಪಾರ್ಟಿಯೋರನ್ನ ನಾನು ನೋಡದೇ ಇರೋದಾ? ನನ್ನ ಸರ್ವೀಸಲ್ಲಿ ಎಷ್ಟು ಸಭೆಗೆ ಜನ ಹೊತ್ತಿಲ್ಲ! ಹೋಗೋವಾಗ ಜೈಕಾರ. ಬರೋವಾಗ ಸೀಟಿನ ಮೇಲೆ ಬಾಯ್ಬಿಟ್ಕೊಂಡು ನಿದ್ದೆ."

"ನಗಬೇಡಿ ಮಾವ," ಎಂದಳು ಸೊಸೆ. "ರೀ, ನಿಜ ಹೇಳಿ. ಅವರು ಏನೋ ಆಸೆ ತೋರ್ಸಿರ್ಬೇಕು. ಸರ್ಕಾರಿ ಕೆಲಸ ಕೊಡಿಸ್ತೀವಿ ಅಂದ್ರಾ?"

"ಕೆಲಸ ಅ... ಅಲ್ಲ. ಅಲ್ಲಿ ನ... ನ..."

"ನಿವೇಶನವಾ?" ತಮ್ಮನ ಕೈಯ ತುತ್ತು ಅಲ್ಲೇ ನಿಂತಿತು. "ನಿವೇಶನ ಕೊಡ್ತಾರಂತೇನೋ?"

"ನ ಅಂದ್ರೆ ನಿವೇಶನ ಹೇಗಾಗುತ್ತೆ ತಾತ? ಅದು ನಿ ಅಲ್ವಾ?"

"ನೀನು ಸುಮ್ನಿರೆ. ದೊಡ್ಡೋರ ಮಾತು ನಡೀತಿದೆ."

ಅವನು ಒಮ್ಮೆ ಎಲ್ಲರ ಮುಖ ನೋಡಿ ತಟ್ಟೆಗೆ ಕೈ ಹಾಕಿದ. ಮಾರನೆಯ ದಿನ ನನ್ನ ತಮ್ಮ ಹಾಲಿನ ಬೂತಿನ ಹತ್ತಿರ ನಾಲ್ಕು ಜನಕ್ಕೆ ಕೇಳುವಂತೆ, ಮಗನಿಗೆ ಪಾರ್ಟಿಯಿಂದ ಒಂದು ನಿವೇಶನ ಆಗುವ ಹಾಗಿದೆ ಎಂದು ಹೇಳಿ ಬಂದ.

ಒಂದು ಸಂಜೆ ನಾನು ತರಕಾರಿ ತರಲು ಹೋಗಿದ್ದೆ. ಮಾರುಕಟ್ಟೆಯ ತಿರುವಿನಲ್ಲಿ ಮೆರವಣಿಗೆ ಅಡ್ಡ ಬಂತು. ಪಕ್ಕಕ್ಕೆ ಸರಿದು ಹಣ್ಣಿನ ಗಾಡಿಯ ಹತ್ತಿರ ನಿಂತೆ. ಮುಂದಿನಿಂದ ಒಂದು ದನಿ ಎದ್ದಿತು. ಗಂಟೆ ಹೊಡೆದ ಹಾಗೆ ಸ್ವಚ್ಛವಾದ ದನಿ.

"ನೀರು ಯಾರದು?"

"ನಮ್ಮದು!" ಎಂದಿತು ಬೀದಿಯೆಲ್ಲ.

"ಬೀದಿ ಯಾರದು?"

"ನಮ್ಮದು!"

"ನಾಳೆ ಯಾರದು?"

"ನಮ್ಮದು!"

ಅಂಗಡಿಗಳ ಶಟರ್ ನಡುಗುವಷ್ಟು ಜೋರು. "ಯಾರಮ್ಮ ಅದು, ಹಾಗೆ ಕೂಗೋನು?" ಎಂದು ಗಾಡಿಯವಳನ್ನು ಕೇಳಿದೆ.

"ಗೊತ್ತಿಲ್ವಾ ಅಜ್ಜಿ? ನಮ್ಮ ಮೈಕಣ್ಣ. ಅವನಿಗೆ ಮೈಕೇ ಬೇಡ."

ಜನ ಹತ್ತಿರ ಬಂದರು. ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ, ಕೈ ಮೇಲೆತ್ತಿ, ಕತ್ತಿನ ನರ ಉಬ್ಬಿಸಿಕೊಂಡು ಬರುತ್ತಿದ್ದವನು ನಮ್ಮ ಹುಡುಗ. ಒಂದು ಅಕ್ಷರವೂ ತಡೆಯುತ್ತಿರಲಿಲ್ಲ. ನಾನು ಚೀಲ ಹಿಡಿದು ನಿಂತೇ ಇದ್ದೆ. ಅವನು ನನ್ನನ್ನು ನೋಡಿದ, ಒಂದು ನಗು ನಕ್ಕ, ಮತ್ತೆ ಕೂಗಿದ.

ಎರಡು ದಿನ ಬಿಟ್ಟು, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತ. ನಾನು ಬಟಾಣಿ ಬಿಡಿಸುತ್ತಿದ್ದೆ. ಬುಟ್ಟಿ ತುಂಬ ಇತ್ತು, ಅವಸರವೇನೂ ಇರಲಿಲ್ಲ.

"ಎ... ಎಲ್ಲರ ಜೊತೆ ಕೂಗಿದ್ರೆ ನಿ... ನಿಲ್ಲಲ್ಲ ಅತ್ತೆ," ಎಂದ. "ಮೊ... ಮೊದ್ಲು ಹಿಂದೆ ನಿಂತು ನಮ್ಮದು ನ... ನಮ್ಮದು ಅಂತಿದ್ದೆ. ಒಂದಿನ ಮು... ಮುಂದೆ ಕೂಗೋನು ಬ... ಬರ್ಲಿಲ್ಲ. ಎಲ್ರೂ ಸುಮ್ನೆ ನಿಂತಿದ್ರು. ನಾ... ನಾನು ಕೂಗ್ದೆ."

"ಆಮೇಲೆ?"

"ನಿಲ್ಲಿಲ್ಲ."

ಸ್ವಲ್ಪ ಹೊತ್ತು ಅವನೂ ಬಟಾಣಿ ಬಿಡಿಸಿದ.

"ಪಾರ್ಟಿ ಗೆದ್ರೆ ನಿನಗೇನಪ್ಪ ಸಿಗುತ್ತೆ?" ಎಂದೆ.

"ಗೆ... ಗೆಲ್ಲದಿದ್ರೂ ಕೂಗ್ಬೋದು," ಎಂದ.

ಇದನ್ನು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ತಮ್ಮ ಬಾಯಿತುಂಬ ನಕ್ಕ. "ಅಕ್ಕಾ, ನಿನಗೆ ಕಣ್ಣೂ ಮಂಜು, ಕಿವೀನೂ ಮಂಜು. ಅದು ಬೇರೆ ಯಾರೋ." ಆದರೆ ಮಾರನೆಯ ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು ವಾಕಿಂಗ್ ಎಂದು ಮೆರವಣಿಗೆಯ ಹೊತ್ತಿಗೆ ಮಾರುಕಟ್ಟೆಯ ಕಡೆ ಹೊರಟ. ದೀಪ ಹಚ್ಚುವ ಹೊತ್ತಿಗೆ ಬಂದು, ಕಾಲು ತೊಳೆದು, ಕುರ್ಚಿಯಲ್ಲಿ ಕೂತ. ಮಗ ಊಟಕ್ಕೆ ಬಂದಾಗ ತಾನೇ ಎದ್ದು ಬಡಿಸಲು ಹೋದ.

"ಇನ್ನೊಂಚೂರು ಹಾಕ್ಲಾ?" ಎಂದು ಕೇಳಿ ಸೌಟು ಹಿಡಿದು ನಿಂತ.

"ಸ... ಸ..."

ತಮ್ಮ ಕಾದ. ಕೊನೆಗೆ ತಡೆಯಲಾರದೆ, "ಸಾಕು ಅಂತಾನೆ," ಎಂದು ಪಾತ್ರೆ ಕೆಳಗಿಟ್ಟ. ಮಗ ಹೇಳಲು ಹೊರಟಿದ್ದು ಸ್ವಲ್ಪ ಹಾಕು ಎಂದೋ ಏನೋ. ಎದ್ದು ತಟ್ಟೆ ತೊಳೆದಿಟ್ಟ.

ಚುನಾವಣೆಯ ದಿನ ಗೊತ್ತಾಯಿತು. ಬೆಳಗ್ಗೆ ಮೆರವಣಿಗೆ, ಸಂಜೆ ಮನೆಮನೆ ಪ್ರಚಾರ. ಅಂಗಡಿಯ ಮಾಲೀಕ ಬೇರೊಬ್ಬನನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿಕಳಿಸಿದ. ಸೊಸೆ ಕಾರ್ಖಾನೆಯಲ್ಲಿ ಓವರ್‌ಟೈಮ್ ಹಿಡಿದಳು. ಉಳಿದ ಬ್ರೆಡ್ಡಿನ ಅಂಚುಗಳನ್ನು ಚೀಲದಲ್ಲಿ ತರುತ್ತಿದ್ದಳು. ಬೆಳಗ್ಗೆ ಹಾಲಲ್ಲಿ ಅದ್ದಿಕೊಂಡು ಅದನ್ನೇ ತಿನ್ನುತ್ತಿದ್ದೆವು.

ಅವನ ದನಿ ಒಡೆಯಿತು. ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಕೂಗುವವನ ದನಿ ಒಡೆಯದೆ ಇನ್ನೇನು? "ಮೈಕ್ ಕೆಟ್ಟಿದೆ, ವೈಂಡಿಂಗ್ ಮಾಡಿಸ್ಬೇಕು," ಎಂದು ಮೊಮ್ಮಗಳು ತಮಾಷೆ ಮಾಡಿದಳು. ನಾನು ಉಪ್ಪುನೀರು ಬಿಸಿ ಮಾಡಿ ಕೊಟ್ಟೆ.

ಒಂದು ಬೆಳಗ್ಗೆ ಸೊಸೆ ಕಾರ್ಖಾನೆಯ ಟೋಪಿಯೊಳಗೆ ಕೂದಲು ತುರುಕಿಕೊಳ್ಳುತ್ತಿದ್ದಳು. ಅವನು ಹಿಂದೆ ಬಂದು ನಿಂತ. ಕೈ ಕುತ್ತಿಗೆಯ ಮೇಲಿತ್ತು.

"ಗಂ... ಗಂಟ..."

"ಗಂಟೆ ಆಯ್ತು ಅಂತ ನನಗೇ ಹೇಳ್ತೀರಾ?" ಎಂದಳು ಕನ್ನಡಿಯಿಂದ ಕಣ್ಣು ಕೀಳದೆ. "ನನಗೆ ಗೊತ್ತಿಲ್ವಾ? ವ್ಯಾನ್ ಬಂತು. ತಿಂಡಿ ಮುಚ್ಚಿಟ್ಟಿದೀನಿ, ಅತ್ತೇನ ಕೇಳಿ ತಗೊಳ್ಳಿ." ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಅದಾದ ಒಂದು ವಾರಕ್ಕೋ ಏನೋ, ಅಪ್ಪನ ಹತ್ತಿರ ಹೋದ. ತಮ್ಮ ಪೇಪರು ಓದುತ್ತಿದ್ದ.

"ಅಪ್ಪಾ, ಗಂ... ಗಂಟ..."

ಪೇಪರು ಕೆಳಗಿಳಿಯಿತು. "ಗಂಟಾ? ದೊಡ್ಡ ಗಂಟೇ ಕೊಡ್ತಾರೇನೋ? ಮೆಲ್ಲಗೆ ಹೇಳೋ, ಪಕ್ಕದ ಮನೆಯೋರಿಗೆ ಕೇಳುತ್ತೆ! ನಿವೇಶನ ಬೇಡ ಅನ್ನು. ಗಂಟೇ ವಾಸಿ. ಮಗಳ ಮದುವೆಗಾಗುತ್ತೆ."

ಅವನು ನಕ್ಕುಬಿಟ್ಟ. ನಗುವಾಗ ಕೆಮ್ಮು ಬಂತು. ಕೆಮ್ಮುತ್ತಲೇ ಹೊರಗೆ ಹೋದ. ತಿರುಗಿ ಅವನು ಆ ಮಾತೆತ್ತಲಿಲ್ಲ.

ಮತದಾನಕ್ಕೆ ಇನ್ನು ಎರಡು ವಾರ ಇತ್ತು. ಮೊಮ್ಮಗಳು ಬಟ್ಟೆ ಒಗೆಯುತ್ತಿದ್ದವಳು ಹಿತ್ತಲಿಂದ ಕೂಗಿದಳು: "ಅಮ್ಮಾ, ಅಪ್ಪನ ಪಾರ್ಟಿ ಶಾಲು ಬಣ್ಣ ಬಿಡ್ತಿದೆ."

ಸೊಸೆ ಹೋಗಿ ನೋಡಿದಳು. ಬಕೆಟ್ಟಿನ ನೀರು ಕೆಂಪಾಗಿತ್ತು. ಆ ಶಾಲಿನಲ್ಲಿ ಕೆಂಪು ಬಣ್ಣವೇ ಇರಲಿಲ್ಲ.

ದೊಡ್ಡಾಸ್ಪತ್ರೆಗೆ ಎಲ್ಲರೂ ಹೋದೆವು. ಡಾಕ್ಟರಮ್ಮ ವಯಸ್ಸಾದವಳು. ಕನ್ನಡಿ, ಟಾರ್ಚು, ನಳಿಕೆ ಎಲ್ಲ ಹಾಕಿ ನೋಡಿದಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ದಿನ ನಮ್ಮನ್ನು ಕೂರಿಸಿ ಕೇಳಿದಳು.

"ಎಷ್ಟು ದಿನದಿಂದ ಹೀಗಿದೆ?"

"ಈಗೀಗ ಡಾಕ್ಟ್ರೇ," ಎಂದ ತಮ್ಮ. "ಎಲೆಕ್ಷನ್ನಲ್ಲಿ ಕೂಗಿ ಕೂಗಿ..."

"ಕೂಗಿದ್ದಕ್ಕೆ ಬಂದಿದ್ದಲ್ಲ ಇದು. ಅವರೇ ಹೇಳ್ಲಿ. ನೀವು ಸ್ವಲ್ಪ ಸುಮ್ನಿರಿ."

ತಮ್ಮ ಸುಮ್ಮನಾದ. ಅವಳು ಗಲ್ಲಕ್ಕೆ ಕೈಕೊಟ್ಟು ಅವನನ್ನೇ ನೋಡುತ್ತ ಕೂತಳು. ಹೊರಗೆ ಯಾರೋ ಟೋಕನ್ ನಂಬರು ಕರೆಯುತ್ತಿದ್ದರು. ಅವಳಿಗೆ ಅವಸರವೇ ಇರಲಿಲ್ಲ.

"ಹೇ... ಹೇ... ಹೇಳಿದ್ದೆ," ಎಂದ ಅವನು. ದನಿ ಮರ ಕುಯ್ದ ಹಾಗೆ.

"ಯಾರಿಗೆ?"

ಅವನು ಹೆಂಡತಿಯ ಕಡೆ ನೋಡಿದ.

"ಅಯ್ಯೋ, ನನಗೆ ಹೇಳೇ ಇಲ್ಲ ಡಾಕ್ಟ್ರೇ! ಹೇಳಿದ್ರೆ ನಾನು ಸುಮ್ನೆ..."

"ಗಂ..." ಎಂದ. "ಗಂ... ಗಂಟ..." ಕೈ ಕುತ್ತಿಗೆಗೆ ಹೋಯಿತು. ಯಾರೂ ಬಾಯಿ ಹಾಕಲಿಲ್ಲ. "...ಲು."

ಸೊಸೆಯ ಕೈ ಅವಳ ಬಾಯಿಗೆ ಹೋಯಿತು.

"ಗಂಟು ಅಂದ್ಯಲ್ಲೋ," ಎಂದ ತಮ್ಮ. ಹೇಳಿದವನು ಅಲ್ಲಿಗೇ ನಿಂತ.

ಇದು ಕ್ಯಾನ್ಸರು, ಮೊದಲೇ ಬಂದಿದ್ದರೆ ರೇಡಿಯೇಷನ್ ಕರೆಂಟು ಕೊಟ್ಟು ದನಿ ಉಳಿಸಬಹುದಿತ್ತು, ಈಗ ಧ್ವನಿಪೆಟ್ಟಿಗೆ ತೆಗೆಯಲೇಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದಳು ಡಾಕ್ಟರಮ್ಮ. ಅದನ್ನು ಅವನಿಗೇ ಹೇಳಿದಳು, ನಮಗಲ್ಲ.

ಮನೆಗೆ ಬಂದು ಯಾರೂ ಒಲೆ ಹಚ್ಚಲಿಲ್ಲ. ಮಾರನೆಯ ದಿನ ಪಾರ್ಟಿಯ ಘಟಕದ ಮುಖಂಡ ಬಂದ. ಕಾಗದದ ಚೀಲದಲ್ಲಿ ಹಣ್ಣು ತಂದಿದ್ದ. ಸೊಸೆ ಬಾಗಿಲಲ್ಲೇ ತಡೆದಳು.

"ಕರ್ಕೊಂಡು ಹೋಗೋಕೆ ಬಂದ್ರಾ? ನಿಮಗೇನು, ಇನ್ನೊಬ್ಬ ಮೈಕಣ್ಣ ಸಿಗ್ತಾನೆ. ನಮಗೆಲ್ಲಿ ಸಿಗ್ತಾನೆ?"

"ನೀವು ಬೈಯೋದು ಸರಿ ತಾಯಿ," ಎಂದ ಆತ ಚಪ್ಪಲಿ ಬಿಡುತ್ತ. "ನಾನು ಕರಿಯೋಕೆ ಬಂದಿಲ್ಲ. ಅವನೇ ಹೇಳಿ ಕಳ್ಸಿದ. ನಾಡಿದ್ದು ಕೊನೇ ಮೆರವಣಿಗೆ. ಅದರಲ್ಲಿ ತಾನೇ ಕೂಗ್ಬೇಕು ಅಂತ."

ಸೊಸೆ ಗಂಡನ ಕಡೆ ತಿರುಗಿದಳು. "ಡಾಕ್ಟ್ರು ಕೂಗಬೇಡಿ ಅಂದಿಲ್ವಾ? ಉಳಿದಿರೋ ದನೀನ ಅವರಿಗೆ ಕೊಟ್ಟು ಬರ್ತೀರಾ? ನನಗೆ ಬೇಡ್ವಾ? ನಿಮ್ಮ ಮಗಳಿಗೆ ಬೇಡ್ವಾ? ಏನಾದ್ರೂ ಹೇಳೋದಿದ್ರೆ ನಮಗೆ ಹೇಳಿ!"

ಅವನು ಗೋಡೆಗೆ ಒರಗಿ ಕೂತಿದ್ದ. ಬಾಯಿ ತೆರೆದ. "ಮ... ಮ..." ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು ಬಂತು. ಯಾರೂ ಏಳಲಿಲ್ಲ. ಮೊಮ್ಮಗಳು ತನ್ನ ಬಾಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು.

"ಮನೇಲಿ ನ... ನನ್ನ ಮಾತು ನೀ... ನೀವೇ ಆಡ್ತೀರ," ಎಂದ. "ಅಲ್ಲಿ ನಾ... ನಾನು."

ಸೊಸೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಮುಖಂಡ ಹಣ್ಣಿನ ಚೀಲ ಇಟ್ಟು, ಚಪ್ಪಲಿ ಮೆಟ್ಟಿ ಹೋದ.

ಕೊನೆಯ ಮೆರವಣಿಗೆಯ ದಿನ ಅವಳು ಕಾರ್ಖಾನೆಗೆ ರಜೆ ಹಾಕಿದಳು. ಬಿಸಿನೀರಿನ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು ಅವನ ಪಕ್ಕದಲ್ಲೇ ನಡೆದಳು. ನಾನು, ತಮ್ಮ, ಮೊಮ್ಮಗಳು ಗುಂಪಿನ ಹಿಂದೆ ಸೇರಿಕೊಂಡೆವು. ನಮಗೆ ಯಾವ ಪಾರ್ಟಿಯೂ ಇರಲಿಲ್ಲ. ಅವನ ದನಿ ಬಿರಿದ ಬಿದಿರಿನ ಹಾಗಾಗಿತ್ತು. ಹಿಂದಿನ ಸಾಲುಗಳಿಗೆ ಕಷ್ಟಪಟ್ಟು ಕೇಳುತ್ತಿತ್ತು. ಆದರೆ ಒಂದು ಅಕ್ಷರವೂ ತಡೆಯಲಿಲ್ಲ. ಅವನ ಕೈ ಮೇಲೆ ಹೋದಾಗೆಲ್ಲ ಜನ "ನಮ್ಮದು!" ಎಂದರು. ನನ್ನ ತಮ್ಮ ಬಸ್ಸಿನಲ್ಲಿ ಸ್ಟಾಪು ಕೂಗುತ್ತಿದ್ದ ದನಿಯಲ್ಲಿ "ನಮ್ಮದು!" ಎಂದ. ಕೂಗುತ್ತ ಕೂಗುತ್ತ ಅವನ ಕನ್ನಡಕ ಮಬ್ಬಾಯಿತು.

ಮತದಾನದ ದಿನ ಅವನನ್ನು ಆಸ್ಪತ್ರೆಗೆ ಸೇರಿಸಿದೆವು.

ಮನೆಗೆ ಬಂದಾಗ ಅವನ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಇತ್ತು. ಸೊಸೆ ಅದನ್ನು ಹತ್ತಿಯಿಂದ ಒರೆಸಿ, ಮೇಲೆ ತೆಳು ಬಟ್ಟೆ ಕಟ್ಟುವುದನ್ನು ಕಲಿತಳು. ಮೊಮ್ಮಗಳು ಅವನಿಗೆ ಒಂದು ಸ್ಲೇಟು, ಬಳಪ ತಂದುಕೊಟ್ಟಳು. ಬರೆದು ಅಭ್ಯಾಸವಿಲ್ಲದ ಕೈ. ಒಂದೊಂದು ಅಕ್ಷರವನ್ನೂ ತಂತಿ ಸುತ್ತುವಷ್ಟು ನಿಧಾನವಾಗಿ ಬರೆಯುತ್ತಿದ್ದ. ಊಟವೆಲ್ಲ ಅರೆದು ಕೊಡಬೇಕಿತ್ತು. ವೈಂಡಿಂಗ್ ಅಂಗಡಿಯ ಮಾಲೀಕ ಬಂದು ನೋಡಿ, ವಾಸಿಯಾದ ಮೇಲೆ ಬಾ, ಜಾಗ ಇದ್ದೇ ಇರುತ್ತೆ ಎಂದು ಹೇಳಿ ಹೋದ. ಅಡ್ಡಹೆಸರಿನಿಂದ ಕರೆಯಲಿಲ್ಲ.

ಮತದಾನವಾಗಿ ಒಂದು ತಿಂಗಳಿಗೆ ಎಣಿಕೆಯಾಯಿತು. ಅವನ ಪಾರ್ಟಿ ಗೆದ್ದಿತು. ಮಧ್ಯಾಹ್ನ ಊಟವಾಗಿ ಕೂತಿದ್ದೆವು. ಬಾಗಿಲು ಸ್ವಲ್ಪವೇ ತೆರೆದಿತ್ತು. ದೂರದಿಂದ ತಮಟೆ ಕೇಳಿಸಿತು, ಆಮೇಲೆ ಬೇರೆ ಯಾರದೋ ದನಿ.

"ನೀರು ಯಾರದು?"

"ನಮ್ಮದು!"

ಅವನು ಮಂಚದ ಮೇಲೆ ಎದ್ದು ಕೂತ. ಸ್ಲೇಟು ಎಳೆದುಕೊಂಡು ಬರೆಯತೊಡಗಿದ. ಬಾ ಎಂದು ಮೂಡಿತು. ಆಮೇಲೆ ಗಿ.

"ಬಾಗಿಲಾ?" ಎಂದು ನನ್ನ ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ. "ಹಾಕ್ತೀನಿ ಮಗಾ, ಹಾಕ್ತೀನಿ. ಆ ಗಲಾಟೆ ನಿನಗ್ಯಾಕೆ? ನೀನು ಬೇಜಾರು ಮಾಡ್ಕೋಬೇಡ." ಓಡಿಹೋಗಿ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಕಿಟಕಿಯನ್ನೂ ಮುಚ್ಚಿದ.

ಮೆರವಣಿಗೆ ನಮ್ಮ ಬೀದಿಗೆ ಬಂತು. ಗೋಡೆಯ ಆಚೆ ಕಾಲುಗಳ ಸದ್ದು, ಪಟಾಕಿ, ನಗು. ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತ ಹಾಗಾಯಿತು. ಯಾರೋ "ಮೈಕಣ್ಣಾ!" ಎಂದರು. ಇನ್ನು ಯಾರೋ, "ಬಾಗಿಲು ಹಾಕಿದೆ, ಮಲಗಿರ್ಬೇಕು, ತೊಂದ್ರೆ ಕೊಡ್ಬೇಡಿ, ನಡೀರಿ," ಎಂದರು. ಅವನು ತಲೆ ಎತ್ತಲಿಲ್ಲ. ಬಳಪ ಒತ್ತಿ ಒತ್ತಿ ಬರೆಯುತ್ತಿದ್ದ. ಬೆವರು ಬಂದಿತ್ತು. ಕುತ್ತಿಗೆಯ ಬಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು.

ಬರೆದು ಮುಗಿಸಿ ಸ್ಲೇಟನ್ನು ಅಪ್ಪನ ಕಡೆ ತಿರುಗಿಸಿದ.

ತಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಅಕ್ಷರ ಓದಿದ. "ಬಾ ಗಿ ಲು... ಪೂ ರ್ತಿ... ತೆ ಗಿ."

ತಮ್ಮ ಎಳೆದ ರಭಸಕ್ಕೆ ಚಿಲಕ ಸಿಕ್ಕಿಕೊಂಡಿತು. ಸೊಸೆ ಹೋಗಿ ತೆಗೆದು, ಎರಡೂ ಬಾಗಿಲನ್ನು ಗೋಡೆಯವರೆಗೆ ತಳ್ಳಿದಳು. ಬೀದಿಯಲ್ಲಿ ಬಿಸಿಲಿತ್ತು. ಪಟಾಕಿಯ ಸಿಪ್ಪೆ ಬಿದ್ದಿತ್ತು. ಕೊನೆಯ ಜನ ತಿರುವು ದಾಟುತ್ತಿದ್ದರು.